ನಮ್ಮ ಮನೆಯ ಐಸ್‌ಕ್ರೀಮೂ ಊರವರ ಅನುಮಾನವೂ

ಅನುಮಾನ ಅನ್ನುವುದು ನಮ್ಮ ಕಡೆಯ ಕುಡಿಯುವ ನೀರಿನಲ್ಲೇ ಸೇರಿದೆ ಎಂದು ನನಗೆ ಬಹಳ ದಿನಗಳಿಂದ ಅನುಮಾನ. ಹೊಸ ವಸ್ತುವೊಂದು ಹೊಸ್ತಿಲು ದಾಟಿತೋ, ಮೂಸಿ ನೋಡುವವರು ನಾಲ್ಕು ಜನ, ತಟ್ಟಿ ನೋಡುವವರು ನಾಲ್ಕು ಜನ, ‘ಇದರಲ್ಲೇನೋ ಇದೆ’ ಎಂದು ದೂರ ನಿಲ್ಲುವವರು ಮಿಕ್ಕವರೆಲ್ಲ. ಇಂಥದ್ದು ನನ್ನ ಜೀವಮಾನದಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ. ಆದರೆ ಐಸ್‌ಕ್ರೀಮಿನ ಮೇಲೆ ಬಂದಷ್ಟು ಅನುಮಾನ ಇನ್ಯಾವುದರ ಮೇಲೂ ಬಂದದ್ದನ್ನು ನಾನು ಕಾಣೆ.

ನಾನಾಗ ಶಿವನಸಮುದ್ರದ ಹತ್ತಿರ ಬ್ಲಫ್ ಎಂಬ ಊರಿನಲ್ಲಿ, ವಿದ್ಯುತ್ ಕೇಂದ್ರದ ಸ್ಟೋರಿನಲ್ಲಿ ಗುಮಾಸ್ತ. ಎರಡನೆಯ ಮಹಾಯುದ್ಧದ ಕಾಲ. ಕ್ವಾರ್ಟರ್ಸಿನಲ್ಲಿ ನಾನು, ನನ್ನ ಹೆಂಡತಿ, ಅಮ್ಮ, ತಂಗಿ. ತಂಗಿ ಅಲ್ಲಿನ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮದುವೆಗೆ ಅವಳದು ಒಂದೇ ಷರತ್ತು: ಮದುವೆಯಾದ ಮೇಲೂ ಕೆಲಸ ಬಿಡುವುದಿಲ್ಲ. ಈ ಮಾತು ಕೇಳಿ ಮೂರು ಗಂಡುಗಳು ಉಪ್ಪಿಟ್ಟು ತಿಂದು ಹೋದವು, ತಿರುಗಿ ಬರಲಿಲ್ಲ. ನಾಲ್ಕನೆಯದು ಮಂಡ್ಯದ ಸಂಬಂಧ. ಹುಡುಗನದೇನೂ ಅಭ್ಯಂತರವಿರಲಿಲ್ಲ. ಅಭ್ಯಂತರವೆಲ್ಲ ಅವನ ಅಪ್ಪನದು. ಅವರು ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮೂವತ್ತು ವರ್ಷ ಬೇರೆಯವರ ಕಾಗದದಲ್ಲಿ ತಪ್ಪು ಹುಡುಕಿ ಹುಡುಕಿ, ಕೊನೆಗೆ ಹೆಂಡತಿ ಕೊಟ್ಟ ಕಾಫಿಯನ್ನೂ ಎರಡು ಸಲ ನೋಡದೆ ಕುಡಿಯುತ್ತಿರಲಿಲ್ಲವಂತೆ. ಅವರಿಗೆ ಸಿಹಿಯೆಂದರೆ ಪ್ರಾಣ ಎಂಬ ಸುದ್ದಿ ಮಾತ್ರ ನಮಗೆ ಹೇಗೋ ಸಿಕ್ಕಿತ್ತು.

“ಅವರು ಜನ್ಮದಲ್ಲಿ ತಿನ್ನದ ಸಿಹಿ ಕೊಟ್ಟುಬಿಡೋಣ” ಎಂದಳು ನನ್ನ ಹೆಂಡತಿ. ಅಲ್ಲಿಂದ ಶುರುವಾಯಿತು.

೧. ಶುದ್ಧಿ

ನಮ್ಮ ಕೇಂದ್ರದ ಇಂಗ್ಲಿಷ್ ದೊರೆಯೊಬ್ಬರು ಊರು ಬಿಟ್ಟು ಹೊರಟಾಗ ಮನೆಯ ಸಾಮಾನನ್ನೆಲ್ಲ ಕಂಡಕಂಡವರಿಗೆ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಐಸ್‌ಕ್ರೀಮ್ ಮಾಡುವ ಮಿಷನ್ನು. ಮಿಷನ್ನು ಅಂದರೆ ದೊಡ್ಡದೇನಲ್ಲ. ಒಂದು ಮರದ ಬಕೆಟ್ಟು, ಅದರೊಳಗೆ ಉದ್ದನೆಯ ತಗಡಿನ ಡಬ್ಬ, ಮೇಲೆ ತಿರುಗಿಸುವ ಹಿಡಿ. ಡಬ್ಬದೊಳಗೆ ಹಾಲು ಸಕ್ಕರೆ, ಡಬ್ಬದ ಹೊರಗೆ ಸುತ್ತಲೂ ಐಸು ಮತ್ತು ಉಪ್ಪು. ಅರ್ಧ ಗಂಟೆ ತಿರುಗಿಸಿದರೆ ಹಾಲು ಗಟ್ಟಿಯಾಗುತ್ತದೆ, ತೋಳು ಬಿದ್ದುಹೋಗುತ್ತದೆ.

ಅಮ್ಮ ಅದನ್ನು ಬಾಗಿಲಲ್ಲೇ ತಡೆದರು.

“ಆ ದೊರೆ ಇದರಲ್ಲಿ ಏನೇನು ತಿರುಗಿಸಿದ್ದನೋ ಯಾರು ಕಂಡೋರು! ಹಾಲು ಅಂತೀಯ. ಅವರು ಬರೀ ಹಾಲಿಗೆ ಸುಮ್ಮನಾಗೋ ಜನವೇನೋ?”

ಬಕೆಟ್ಟನ್ನು ಹಿತ್ತಲಿಗೆ ಸಾಗಿಸಿದರು. ಹುಣಸೆಹಣ್ಣು ಹಾಕಿ ತಿಕ್ಕಿದರು. ಬೂದಿ ಹಾಕಿ ತಿಕ್ಕಿದರು. ಸಗಣಿ ನೀರು, ಗಂಜಲ, ಕೊನೆಗೆ ಕಾವೇರಿಯ ನೀರು. ಎಂಟು ದಿನ ಬಿಸಿಲಿಗಿಟ್ಟು, ಒಂಬತ್ತನೆಯ ದಿನ ಅರಿಶಿನ ಕುಂಕುಮ ಹಚ್ಚಿ ಒಳಗೆ ಬಿಟ್ಟುಕೊಂಡರು. ನಮ್ಮ ಮನೆಯಲ್ಲಿ ನನಗೂ ಅಷ್ಟು ಶುದ್ಧಿ ಆಗಿರಲಿಲ್ಲ.

ಅವತ್ತೇ ದೊರೆಯ ಹಳೆಯ ಬಟ್ಲರು ನನ್ನನ್ನು ನೋಡಲು ಬಂದ. ಅಮ್ಮ ಅವನನ್ನು ಜಗುಲಿಯಲ್ಲಿ ನಿಲ್ಲಿಸಿ ವಿಚಾರಣೆ ಮಾಡಿದರು. “ನಿಜ ಹೇಳಪ್ಪ, ನಿಮ್ಮ ದೊರೆ ಇದರಲ್ಲಿ ಏನು ಮಾಡ್ತಿದ್ದ?”

“ಅನುಮಾನವೇ ಬ್ಯಾಡಿ ಅಮ್ಮಾವ್ರೆ” ಎಂದ ಬಟ್ಲರು ಎದೆಯುಬ್ಬಿಸಿ. “ನಮ್ ದೊರೆ ಇದರಾಗೆ ಒಂದು ದಿನಾನೂ ಏನೂ ಮಾಡ್ಲಿಲ್ಲ. ದೊರೆಸಾನಿ ಬೆಕ್ಕು ಇದರಾಗೇ ಮೂರು ಸಲ ಮರಿ ಹಾಕ್ತು, ಅಷ್ಟೆ.”

ಬಕೆಟ್ಟು ಮತ್ತೆ ಎಂಟು ದಿನ ಹಿತ್ತಲಿಗೆ ಹೋಯಿತು.

೨. ಜೇಬಿಗೆ ಹೋದದ್ದು

ಹೆಣ್ಣು ನೋಡುವ ದಿನಕ್ಕೆ ಮುಂಚೆ ಒಂದು ಸಲ ಮಾಡಿ ನೋಡಬೇಕಲ್ಲ. ಐಸು ಸಿಗುತ್ತಿದ್ದದ್ದು ಮದ್ದೂರಿನ ರೈಲ್ವೆ ಸ್ಟೇಷನ್ನಿನ ಹತ್ತಿರ, ಸೋಡಾ ಮಾಡುವ ಸಾಹೇಬರ ಅಂಗಡಿಯಲ್ಲಿ. ಅವರಿಗೆ ರೈಲಿನಲ್ಲಿ ಬರುತ್ತಿತ್ತು. ಆಗೆಲ್ಲ ಮನೆಗೆ ಐಸು ಒಯ್ಯುತ್ತಿದ್ದದ್ದು ಜ್ವರ ತಲೆಗೇರಿದವರಿಗೆ ಮಾತ್ರ. ನಾನು ರುಬ್ಬುವ ಕಲ್ಲಿನಷ್ಟು ದೊಡ್ಡ ಗಡ್ಡೆ ಕೇಳಿದಾಗ ಸಾಹೇಬರ ಮುಖ ಕಪ್ಪಾಯಿತು.

“ಯಾರಿಗೆ ಸ್ವಾಮಿ? ತಾಯಿಯವರಿಗಾ?”

“ಯಾರಿಗೂ ಇಲ್ಲ. ತಿನ್ನೋದಕ್ಕೆ.”

ಸಾಹೇಬರು ನಂಬಲಿಲ್ಲ. ದುಃಖದಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ ಎಂದು ತಿಳಿದು, ನನ್ನ ಬೆನ್ನು ಸವರಿ, “ಅಲ್ಲಾ ದೊಡ್ಡವನು” ಎಂದು ಗಡ್ಡೆಗೆ ಮರದ ಹೊಟ್ಟು ಮೆತ್ತಿ, ಗೋಣಿ ಸುತ್ತಿ ಕೊಟ್ಟರು.

ಪೆಟ್ರೋಲು ಸಿಗದ ಕಾಲ. ಮಳವಳ್ಳಿಯ ಬಸ್ಸು ಇದ್ದಿಲಿನ ಹೊಗೆಯಲ್ಲಿ ಓಡುತ್ತಿತ್ತು. ಓಡುತ್ತಿತ್ತು ಅನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಇಳಿದು ತಳ್ಳಬೇಕು. ಗೋಣಿಯಿಂದ ನೀರು ಸೋರಿ ಎಲ್ಲರ ಕಾಲಡಿಗೂ ಹರಿಯಿತು. ಕಂಡಕ್ಟರು ಬಂದು ಮೂಸಿದ.

“ಏನ್ ಸ್ವಾಮಿ ಇದು, ಮೀನಾ?”

“ಮೀನಲ್ಲಪ್ಪ, ಐಸು!”

“ಬಿಚ್ಚಿ, ನೋಡವಾ.”

ಬಿಚ್ಚಿದೆ. ಇಡೀ ಬಸ್ಸು ಎದ್ದು ಬಂತು. ಒಬ್ಬ ಮುದುಕ ಬೆರಳಿಟ್ಟು, “ಅಯ್ಯಪ್ಪೋ, ಸುಡ್ತದೆ ಕಣ್ಲಾ!” ಎಂದು ಕಿರುಚಿದ. ಅದನ್ನು ಕೇಳಿ, ಸುಡುತ್ತದೋ ಇಲ್ಲವೋ ನೋಡಲು ಮಿಕ್ಕವರೆಲ್ಲ ಕೈಯಿಟ್ಟರು. ಮಳವಳ್ಳಿ ಇನ್ನೂ ದೂರವಿರುವಾಗಲೇ ರುಬ್ಬುವ ಕಲ್ಲು ತೆಂಗಿನಕಾಯಿಯಷ್ಟಾಗಿತ್ತು.

ಮುದುಕ ಅದನ್ನು ನೋಡಿ ಗಾಬರಿಯಾದ. “ಹತ್ತುವಾಗ ಅಷ್ಟು ದೊಡ್ಡದಿತ್ತು, ಈಗ ಇಷ್ಟೇ ಐತೆ! ಮಿಕ್ಕಿದ್ದು ಯಾರ್ಲಾ ಒಡುದೋರು? ಪಾಪ, ಅಯ್ನೋರು ಸಾದು ಅಂತ ಇಂಗಾ ಮಾಡೋದು?”

ಕಂಡಕ್ಟರು ಬಸ್ಸು ನಿಲ್ಲಿಸಿಯೇಬಿಟ್ಟ. ನಾನು “ಅದು ಕರಗುತ್ತಪ್ಪ” ಅಂದದ್ದು ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಜೇಬು ತೋರಿಸಬೇಕು ಎಂದಾಯಿತು. ಹಿಂದಿನ ಸೀಟಿನಲ್ಲಿ ಒಬ್ಬನ ಅಂಗಿ ಜೇಬು ಪೂರ್ತಿ ಒದ್ದೆ. ಸಿಕ್ಕಿಬಿದ್ದ!

ಅವನು ಕೈ ಮುಗಿದ. “ತಪ್ಪಾಯ್ತು ಸ್ವಾಮಿ. ಎಂಡ್ರಿಗೆ ತೋರ್ಸವಾ ಅಂತ ಒಂದು ಚೂರು ಮುರ್ಕೊಂಡಿದ್ದು ದಿಟ.” ಆಮೇಲೆ ಜೇಬಿಗೆ ಕೈ ಹಾಕಿ ತಡಕಿದ. ಮತ್ತೆ ತಡಕಿದ. ಅವನ ಕಣ್ಣು ಕೆಂಪಾಯಿತು. “ಆದ್ರೆ ಈ ಬಸ್ಸಲ್ಲಿ ನನ್ಗಿಂತ ದೊಡ್ಡ ಕಳ್ಳ ಅವ್ನೆ! ನನ್ ಜೇಬಿಂದ್ಲೇ ಒಡುದವ್ನೆ!”

೩. ಎಮ್ಮೆಯ ಪಾಲು

ಉಳಿದ ಐಸಿನಲ್ಲಿ ಹೇಗೋ ಒಂದು ಬಟ್ಟಲು ಐಸ್‌ಕ್ರೀಮು ಆಯಿತು. ಆಯಿತು ಅಂದರೆ, ಹಾಲಿನ ಮೇಲೆ ಐಸಿನ ಪದರ ಕಟ್ಟಿ ಪಟಪಟ ಒಡೆಯಿತು. ನನ್ನ ಹೆಂಡತಿ ಜಗುಲಿಯಲ್ಲಿ ಕೂತು ಆ ಪದರವನ್ನು ಚಮಚದಲ್ಲಿ ತೆಗೆದು ತೆಗೆದು ಪಕ್ಕಕ್ಕೆ ಹಾಕುತ್ತಾ, “ನೋಡಿ, ಎಷ್ಟೊಂದು ನೀರು!” ಎಂದಳು.

ಅಷ್ಟು ಹೊತ್ತಿಗೆ ನಮಗೆ ಹಾಲು ಹಾಕುವ ಗೌಡಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಆಕೆ ಒಂದು ಸಲ ಮಿಷನ್ನನ್ನು ನೋಡಿದಳು, ಒಂದು ಸಲ ತೆಗೆದಿಟ್ಟ ಐಸಿನ ಚೂರುಗಳನ್ನು ನೋಡಿದಳು, ಚೆಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸರಸರ ಹೋದಳು.

ಮಾರನೆಯ ದಿನ ಬಂದ ಹಾಲೇ ಬೇರೆ. ಕಾಯಿಸಿದರೆ ಬೆರಳು ದಪ್ಪ ಕೆನೆ. ಅಕ್ಕಪಕ್ಕದ ಮನೆಗಳಲ್ಲೂ ಅದೇ ಕಥೆ. ಕ್ವಾರ್ಟರ್ಸಿನ ಹೆಂಗಸರೆಲ್ಲ, ಮೇವು ಚೆನ್ನಾಗಿದೆಯೇನೋ, ಮಳೆ ಚೆನ್ನಾಗಿತ್ತೇನೋ ಎಂದು ಲೆಕ್ಕ ಹಾಕಿದರು.

ನಾಲ್ಕನೆಯ ದಿನ ಗೌಡಮ್ಮ ನನ್ನನ್ನೇ ಹುಡುಕಿಕೊಂಡು ಸ್ಟೋರಿಗೆ ಬಂದಳು. ಮುಖ ಸಪ್ಪಗಿತ್ತು.

“ಸ್ವಾಮೇರಾ, ಆ ಮಿಸನ್ನು ನಮ್ ಹಾಲಿಂದ ನೀರ ಬ್ಯಾರೆ ಮಾಡಿ ತೋರಿಸ್ತದಂತೆ? ಸರ್ಕಾರಕ್ಕೆ ಬರ್ದು ಕಳಿಸ್ತೀರಾ?”

ನನಗೆ ಆಗ ಅರ್ಥವಾಯಿತು. ನಾನು ಗುಮಾಸ್ತನ ಮುಖ ಮಾಡಿಕೊಂಡು, “ನಿಜ ಹೇಳಿಬಿಡಮ್ಮ, ನೋಡೋಣ” ಎಂದೆ.

“ದೇವ್ರಾಣೆಗೂ ಯೋಳ್ತೀನಿ. ಅವತ್ತು ನಾನು ಹಾಕಿದ್ದು ಅರ್ಧ ಪಾವು ನೀರು. ಅಷ್ಟು ನಂದು, ಒಪ್ಕೋತೀನಿ” ಎಂದಳು ಗೌಡಮ್ಮ. “ಮಿಕ್ಕಿದ್ದೆಲ್ಲಾ ಎಮ್ಮೇದು ಕಣ್ ಸ್ವಾಮಿ. ಅದುನ್ನೂ ನನ್ ತಲೆಗೆ ಕಟ್ಬ್ಯಾಡಿ.”

ಅಲ್ಲಿಂದ ಮುಂದೆ ಹಾಲು ಬರುವ ಹೊತ್ತಿಗೆ ಮಿಷನ್ನನ್ನು ತಮ್ಮ ಜಗುಲಿಯ ಮೇಲೆ ಇಟ್ಟುಕೊಳ್ಳಲು ಎರವಲು ಕೇಳದ ಮನೆ ನಮ್ಮ ಸಾಲಿನಲ್ಲಿ ಒಂದೂ ಇರಲಿಲ್ಲ.

೪. ದೀಪದ ಗಡ್ಡೆ

ನಮ್ಮ ಸುತ್ತಿನ ರೈತರಿಗೆ ವಿದ್ಯುತ್ ಕೇಂದ್ರದ ಮೇಲೆ ಒಂದು ಹಳೆಯ ಅನುಮಾನವಿತ್ತು. ನಾವು ಹೊಳೆಯ ನೀರಿನಿಂದ ಕರೆಂಟನ್ನು ಹಿಂಡಿಕೊಂಡು ಬರೀ ಸಪ್ಪೆ ನೀರನ್ನು ಕೆಳಗೆ ಬಿಡುತ್ತೇವೆ, ಅದಕ್ಕೇ ಕೆಳಗಿನ ಗದ್ದೆಯಲ್ಲಿ ಭತ್ತಕ್ಕೆ ಕಸುವಿಲ್ಲ ಅಂತ. ಹೀಗೆ ನಂಬಿದ್ದ ಒಬ್ಬ ಗೌಡರು ಏನೋ ಕೆಲಸಕ್ಕೆ ನಮ್ಮ ಮನೆಗೆ ಬಂದಾಗ, ನನ್ನ ಬಳಿ ಎರಡನೆಯ ಸಲ ತರಿಸಿದ ಐಸಿನ ಗಡ್ಡೆ ಇತ್ತು. ಹಾಲು ನೆಟ್ಟಗೆ ಗಟ್ಟಿಯಾಗುವುದನ್ನು ಕಲಿಯಬೇಕಿತ್ತಲ್ಲ. ಮಂಡ್ಯದವರು ಬರಲು ಇನ್ನು ಹತ್ತೇ ದಿನ.

ಗೌಡರು ಗಡ್ಡೆಯ ಮೇಲೆ ಕೈಯಿಟ್ಟು ಚಟ್ಟನೆ ತೆಗೆದರು. “ಹೊಡೀತು! ಸಿಕ್ಬುದ್ರಿ ಸ್ವಾಮಿ. ನೀರಲ್ಲಿದ್ದ ಕರೆಂಟೆಲ್ಲಾ ಇಲ್ ಗಟ್ಟಿಯಾಗಿ ಕುಂತೈತೆ. ಇದುನ್ನ ನೀವು ಮನೇಲ್ ಇಟ್ಕೊಂಡಿದ್ದೀರಿ!”

ಅದು ಕರೆಂಟಲ್ಲ, ತಣ್ಣಗಿರುವುದಕ್ಕೆ ಹಾಗಾಗುತ್ತದೆ ಎಂದು ನಾನು ಅರ್ಧ ಗಂಟೆ ಹೇಳಿದೆ. ಅವರು ತಲೆದೂಗುತ್ತಾ ಕೇಳಿದರು. ಕಳ್ಳನ ಮಾತನ್ನು ಪೋಲೀಸಿನವರು ಕೇಳುವ ಹಾಗೆ ಕೇಳಿದರು.

ಅವತ್ತು ಸಂಜೆಯೇ ಗೌಡರು ಒಂದು ಮಣ್ಣಿನ ಮಡಕೆ ಹಿಡಿದುಕೊಂಡು ಬಂದರು. ದನಿ ತಗ್ಗಿಸಿ ಹೇಳಿದರು: “ನಾನು ಯಾರ್ಗೂ ಬಾಯ್ ಬುಡಾಕಿಲ್ಲ. ನಿಮ್ ತಂತಿ ನಮ್ಮೂರ್ ಮ್ಯಾಲೇ ಓಯ್ತದೆ, ಎಲ್ಲೆಲ್ಲಿಗೋ ದೀಪ ಕೊಡ್ತದೆ, ನಮ್ಮೂರಲ್ಲಿ ಮಾತ್ರ ಕತ್ತಲೆ. ಒಂದು ಗಡ್ಡೆ ಈ ಮಡಕೇಲ್ ಹಾಕ್ಕೊಡಿ. ಒಂದ್ ದೀಪ ಹತ್ತಿದ್ರೂ ಸಾಕು.”

ಇದಕ್ಕೆ ನಗಬೇಕೋ ನಾಚಬೇಕೋ ನನಗೆ ತಿಳಿಯಲಿಲ್ಲ. ನಾಚಿಕೆಯೇ ಹೆಚ್ಚಾಯಿತು, ನಿಜ ಹೇಳುತ್ತೇನೆ. ಇದ್ದ ಚೂರನ್ನು ಮಡಕೆಗೆ ಹಾಕಿ ಕೊಟ್ಟೆ. ಮಾರನೆಯ ದಿನ ಗೌಡರು ಮಡಕೆಯ ತುಂಬ ನೀರು ತಂದು ನನ್ನ ಮುಂದಿಟ್ಟರು.

“ದಾರೀಲೇ ಪ್ಯೂಸ್ ಓಯ್ತು ಸ್ವಾಮಿ. ರಿಪೇರಿ ಮಾಡ್ಕೊಡಿ.”

೫. ಉಪ್ಪಿನ ಕಾವಲು

ಕೊನೆಗೆ ಹೆಣ್ಣು ನೋಡುವ ದಿನ ಬಂತು. ಐಸನ್ನು ಈ ಸಲ ಹಾಸಿಗೆಯಲ್ಲಿ ಸುತ್ತಿ, ಕಾಯಿಲೆಯವರ ಸಾಮಾನಿನ ಹಾಗೆ ತಂದಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಯಾರೂ ಸುಳಿಯಲಿಲ್ಲ. ಸಕ್ಕರೆ ಅಳತೆಯ ಕಾಲ. ಮಂಡ್ಯದ ಸಕ್ಕರೆ ನಮ್ಮ ಮನೆಗೆ ಬರಬೇಕಾದರೂ ಚೀಟಿ ಹಿಡಿದು ನಿಲ್ಲಬೇಕಾಗಿತ್ತು. ಒಂದು ತಿಂಗಳು ಬೆಲ್ಲದ ಕಾಫಿ ಕುಡಿದು ಸಕ್ಕರೆ ಕೂಡಿಟ್ಟಿದ್ದೆವು. ತಂಗಿ ಒಂದು ಮೂಲೆಯಲ್ಲಿ ಏಲಕ್ಕಿ ಕುಟ್ಟುತ್ತಿದ್ದಳು. ಈ ಸಂಬಂಧವೂ ತಪ್ಪಿದರೆ ಇನ್ನು ಷರತ್ತನ್ನೇ ಬಿಡಬೇಕೆಂದು ಅಮ್ಮ ಅವಳಿಂದ ಮಾತು ತೆಗೆದುಕೊಂಡಿದ್ದರು.

ನಾನು ಐಸಿನ ಮೇಲೆ ಉಪ್ಪು ಸುರಿಯುವುದನ್ನು ಅಮ್ಮ ಆಗಲೇ ಮೊದಲ ಸಲ ಕಂಡದ್ದು.

“ಹಾಲಿಗೆ ಉಪ್ಪೇ! ಹಾಲಿಗೆ ಉಪ್ಪು ಸೋಕಿದರೆ ಎಂಥ ಪಾಪ ಗೊತ್ತೇನೋ ನಿನಗೆ? ಅದನ್ನ ಬೀಗರ ಬಾಯಿಗೆ ಬೇರೆ ಇಡ್ತೀಯ!”

“ಉಪ್ಪು ಡಬ್ಬದ ಹೊರಗಮ್ಮ, ಹಾಲು ಒಳಗೆ. ಒಂದಕ್ಕೊಂದು ಸೋಕೋದಿಲ್ಲ.”

“ಸುತ್ತಲೂ ಉಪ್ಪು, ನಡುವೆ ಹಾಲು, ನೀನು ಗರಗರ ತಿರುಗಿಸ್ತಿದೀಯ. ಸೋಕೋದಿಲ್ಲ ಅಂದರೆ ಯಾರು ನಂಬಬೇಕು?”

ಕೊನೆಗೆ ಒಂದು ಒಪ್ಪಂದವಾಯಿತು. ಐದು ನಿಮಿಷಕ್ಕೊಮ್ಮೆ ಡಬ್ಬ ತೆರೆಯಬೇಕು, ನನ್ನ ಹೆಂಡತಿ ಒಂದು ಚಮಚ ರುಚಿ ನೋಡಿ ಉಪ್ಪಾಗಿಲ್ಲ ಎಂದು ಹೇಳಬೇಕು. ಅಮ್ಮ ಮಡಿಯಲ್ಲಿದ್ದರು, ಬಾಯಿಗೆ ಹಾಕುವ ಹಾಗಿರಲಿಲ್ಲ. ಸ್ಟೂಲಿನ ಮೇಲೆ ಕೂತು ಕಾವಲು ಕಾದರು.

ಮೊದಲ ಚಮಚ. “ಉಪ್ಪಿಲ್ಲ ಅತ್ತೆ.” ಎರಡನೆಯದು. “ಉಪ್ಪಿಲ್ಲ.” ಆಮೇಲೆ ಹೆಂಡತಿಯ ದನಿಯಲ್ಲಿ ಖಚಿತತೆ ಕಡಿಮೆಯಾಗುತ್ತಾ ಬಂತು. “ಇಲ್ಲ ಅನ್ನಿಸುತ್ತೆ... ಇನ್ನೊಂದು ಸಲ ನೋಡ್ಲಾ?” ಪಕ್ಕದ ಮನೆಯಾಕೆಯನ್ನು ಸಾಕ್ಷಿಗೆ ಕರೆದರು. ಆಕೆಗೂ ಒಂದೇ ಸಲಕ್ಕೆ ನಿರ್ಧಾರಕ್ಕೆ ಬರಲಾಗಲಿಲ್ಲ. ಅತಿಥಿಗಳ ಗಾಡಿ ಬಾಗಿಲಿಗೆ ಬರುವ ಹೊತ್ತಿಗೆ ಡಬ್ಬದಲ್ಲಿ ಉಳಿದಿದ್ದದ್ದು ಎರಡು ಬಟ್ಟಲು.

“ಈಗಲಾದರೂ ಹೇಳಿ” ಎಂದು ನಾನು ಹಲ್ಲು ಕಡಿದೆ, “ಉಪ್ಪಿದೆಯೋ ಇಲ್ಲವೋ?”

ನನ್ನ ಹೆಂಡತಿ ತುಟಿ ಒರೆಸಿಕೊಂಡಳು. “ತಳದಲ್ಲಿ ಸ್ವಲ್ಪ ಅನುಮಾನ ಇದೆ ರೀ.”

೬. ಮುದ್ದೆ ನುಂಗಿದ ಹಾಗೆ

ಬಂದವರು ಮೂವರು: ಹುಡುಗ, ಅವನ ಅಪ್ಪ, ಪುರೋಹಿತರು. ಶಿರಸ್ತೇದಾರರು ಕೂರುವ ಮೊದಲು ಚಾಪೆಯನ್ನು ಎತ್ತಿ ಕೆಳಗೆ ನೋಡಿದರು. ಉಪ್ಪಿಟ್ಟಿನಲ್ಲಿದ್ದ ಕರಿಬೇವನ್ನು ಒಂದೊಂದಾಗಿ ತೆಗೆದು ಸಾಲಾಗಿ ಇಟ್ಟರು. ತಂಗಿ ಬಂದು ನಮಸ್ಕಾರ ಮಾಡಿ ಕೂತಳು. ಅವರು ಅವಳ ಕಡೆ ನೋಡಿ ಗಂಟಲು ಸರಿಮಾಡಿಕೊಂಡು, “ಆ ಶಾಲೆಯ ವಿಷಯ...” ಎಂದು ಶುರುಮಾಡಿದರು. ಹಿಂದಿನ ಮೂರು ಗಂಡುಗಳೂ ಇದೇ ಮಾತಿಗೆ ಎದ್ದು ಹೋಗಿದ್ದವು.

ಅಷ್ಟರಲ್ಲಿ ನನ್ನ ಹೆಂಡತಿ ಐಸ್‌ಕ್ರೀಮು ತಂದಿಟ್ಟಳು. ಎರಡೇ ಬಟ್ಟಲು. ಪುರೋಹಿತರು ತಾವು ಇಂಥದ್ದನ್ನು ಮುಟ್ಟುವುದಿಲ್ಲ ಎಂದು ನಮ್ಮ ಮಾನ ಉಳಿಸಿದರು.

ಶಿರಸ್ತೇದಾರರು ಬಟ್ಟಲನ್ನು ಕಣ್ಣಿನ ಹತ್ತಿರ ಹಿಡಿದರು. “ತಣ್ಣಗಿದೆ ಅಂತೀರಿ, ಹೊಗೆ ಬರ್ತಿದೆಯಲ್ಲ?” ಎಂದು ಕೇಳಿ, ಯಾವುದಕ್ಕೂ ಇರಲಿ ಎಂದು ಉಫ್ ಉಫ್ ಎಂದು ಊದಿ ಆರಿಸಿದರು. ಮಗನಿಗೆ ಮೊದಲು ತಿನ್ನಲು ಹೇಳಿದರು. ಅವನು ಚಮಚದ ತುದಿಯಲ್ಲಿ ತಿಂದ. ಐದು ನಿಮಿಷ ಮಗನ ಮುಖವನ್ನೇ ನೋಡಿದರು. ಮಗ ಸಾಯುವ ಲಕ್ಷಣ ಕಾಣಲಿಲ್ಲ. ಬದಲಿಗೆ ಇನ್ನೊಂದು ಚಮಚ ತಿಂದ. ಅಪ್ಪನ ಸಿಹಿಯ ಚಪಲ ಅಲ್ಲಿ ಗೆದ್ದಿತು.

ಐಸ್‌ಕ್ರೀಮನ್ನು ಹೇಗೆ ತಿನ್ನಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ನನ್ನ ಹೆಂಡತಿ ಅದನ್ನು ಚೆಂದ ಕಾಣಲೆಂದು ಉಂಡೆ ಮಾಡಿ ಇಟ್ಟಿದ್ದಳು. ಮಂಡ್ಯದ ಸೀಮೆಯಲ್ಲಿ ಹುಟ್ಟಿ ಬೆಳೆದ ಮನುಷ್ಯನಿಗೆ ಬಟ್ಟಲಲ್ಲಿ ಉಂಡೆ ಕಂಡರೆ ಗೊತ್ತಿರುವುದು ಒಂದೇ ವಿದ್ಯೆ: ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಶಿರಸ್ತೇದಾರರು ಚಮಚವನ್ನು ಪಕ್ಕಕ್ಕಿಟ್ಟು, ಅರ್ಧ ಉಂಡೆ ಮುರಿದು, ಗುಳುಕ್ಕನೆ ನುಂಗಿಬಿಟ್ಟರು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಆ ತಣ್ಣಗಿನದು ನೆತ್ತಿಗೇರಿ ಅವರ ಎರಡು ಕಣ್ಣುಗಳೂ ಹೊರಗೆ ಬಂದವು. ಬಾಯಿ ತೆರೆದರು, ಗಾಳಿ ಬಂತು, ಮಾತು ಬರಲಿಲ್ಲ. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಹಣೆ ಗಟ್ಟಿಯಾಗಿ ಹಿಡಿದುಕೊಂಡು ಕೂತರು. ಅಮ್ಮ ಒಳಗಿನಿಂದ “ನಾನು ಹೇಳಲಿಲ್ವೇ, ಉಪ್ಪು!” ಎಂದು ಗೋಳಿಟ್ಟರು.

ನಮ್ಮೆಲ್ಲರ ಕೈಕಾಲು ಆಡಲಿಲ್ಲ. ಆಡಿದ್ದು ನನ್ನ ತಂಗಿಯ ಬುದ್ಧಿ ಒಂದೇ. ದಿನವೂ ನಲವತ್ತು ಮಕ್ಕಳನ್ನು ಸುಧಾರಿಸುವವಳು ಅವಳು. ನೆಟ್ಟಗೆ ಕೂತು, ತರಗತಿಯ ದನಿಯಲ್ಲೇ ಹೇಳಿದಳು:

“ಮಾವ, ನಾನು ಮದುವೆಯಾದ ಮೇಲೂ ಶಾಲೆಗೆ ಹೋಗ್ತೀನಿ. ಮಂಡ್ಯಕ್ಕೆ ವರ್ಗ ಮಾಡಿಸಿಕೊಳ್ತೀನಿ. ಇದು ಬೇಡ ಅನ್ನೋರು ಯಾರಾದರೂ ಇದ್ದರೆ ಈಗಲೇ ಕೈ ಎತ್ತಬೇಕು.”

ಶಿರಸ್ತೇದಾರರು ಬಟ್ಟಲಿನ ಕೈಯನ್ನು ನೋಡಿದರು; ಎತ್ತಿದರೆ ಐಸ್‌ಕ್ರೀಮು ಚೆಲ್ಲುತ್ತದೆ. ಹಣೆಯ ಕೈಯನ್ನು ಒಂದು ಬೆರಳಿನಷ್ಟು ಸಡಿಲಿಸಿದರು. ತಲೆ ಸೀಳಿತೇನೋ, ತಕ್ಷಣ ಮತ್ತೆ ಒತ್ತಿ ಹಿಡಿದರು.

ತಂಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. “ಯಾರೂ ಎತ್ತಲಿಲ್ಲ.”

“ಮೌನಂ ಸಮ್ಮತಿ ಲಕ್ಷಣಂ” ಎಂದರು ಪುರೋಹಿತರು ಪಂಚಾಂಗ ಬಿಚ್ಚುತ್ತಾ.

ಹುಡುಗ ತಲೆ ತಗ್ಗಿಸಿ ತನ್ನ ಬಟ್ಟಲನ್ನು ಮಾತ್ರ ನೋಡುತ್ತಿದ್ದ. ಅವನ ಭುಜಗಳು ಕುಣಿಯುತ್ತಿದ್ದವು.

ಸ್ವಲ್ಪ ಹೊತ್ತಿಗೆ ಶಿರಸ್ತೇದಾರರ ನಾಲಿಗೆ ಕರಗಿತು. ಅವರು ಹಣೆಯಿಂದ ಕೈ ತೆಗೆದು, ಕಚೇರಿಯಲ್ಲಿ ಹೇಳುತ್ತಿದ್ದ ಹಾಗೆಯೇ ಹೇಳಿದರು: “ಇದು ಮೋಸ. ಈ ಒಪ್ಪಿಗೆ ಊರ್ಜಿತವಲ್ಲ. ಬಾಯಿ ಮರಗಟ್ಟಿರುವಾಗ ಕೇಳಿದ ಪ್ರಶ್ನೆ ಪ್ರಶ್ನೆಯೇ ಅಲ್ಲ.”

ತಂಗಿಯ ಮುಖ ಬಿಳುಪಾಯಿತು. ಆದರೂ ಅವಳು ಮೆತ್ತಗೆ ಹೇಳಿದಳು, “ಹಾಗಾದರೆ ಬಟ್ಟಲು ಕೆಳಗಿಡಿ ಮಾವ. ಮೊದಲಿಂದ ಮಾತಾಡೋಣ. ಎಷ್ಟು ಹೊತ್ತಾದರೂ ಆಗಲಿ, ನಿಮ್ಮ ಆಕ್ಷೇಪಣೆಯನ್ನೆಲ್ಲ ಒಂದೊಂದಾಗಿ ಹೇಳಿ, ಕೇಳ್ತೀನಿ.”

ಶಿರಸ್ತೇದಾರರು ಬಟ್ಟಲು ಕೆಳಗಿಡಲು ಬಗ್ಗಿದರು. ಬಗ್ಗಿದವರು ಅಲ್ಲೇ ನಿಂತರು. ಉಳಿದ ಅರ್ಧ ಉಂಡೆ ಬಟ್ಟಲಿನ ಅಂಚಿಗೆ ಕರಗಿ ಇಳಿಯುತ್ತಿತ್ತು. ಅವರು ಅದನ್ನು ನೋಡಿದರು, ತಂಗಿಯನ್ನು ನೋಡಿದರು, ಮತ್ತೆ ಅದನ್ನೇ ನೋಡಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಒಂದು ಆಕ್ಷೇಪಣೆಯನ್ನೂ ಬಿಟ್ಟುಕೊಡದ ಮನುಷ್ಯ ಕೈಗೆ ಚಮಚ ತೆಗೆದುಕೊಂಡರು.

“ನೀನು ಕೆಲಸಕ್ಕೆ ಹೋಗಮ್ಮ, ಹೋಗು” ಎಂದರು ಅವಸರದಲ್ಲಿ. “ಇದು ಕರಗ್ತಾ ಇದೆ.”